ಅಯಸ್ಕಾಂತ, ಕಾಯಿಲ್, ಕರೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಮಕ್ಕಳು, ಪಂಪ್‌ಸೆಟ್ ಸುಟ್ಟುಕೊಂಡ ರೈತರು, ಇಂಡಕ್ಷನ್ ಒಲೆ ತಂದ ಮೇಲೆ ಮನೆಯ ಅರ್ಧ ಪಾತ್ರೆ ಅದಕ್ಕೆ ಆಗಲ್ಲ ಅಂತ ಗೊತ್ತಾದವರು, ಫ್ರೀ ಕರೆಂಟ್ ವಿಡಿಯೋ ನೋಡಿ ಹುರುಪು ಬಂದವರು. ಇವರೆಲ್ಲ ಕೇಳುವುದು ಒಂದೇ ಪಾಠದ ಪ್ರಶ್ನೆಗಳನ್ನು. ಎಲ್ಲವನ್ನೂ ಸಾಲಾಗಿ ಓದಬೇಕೆಂದಿಲ್ಲ, ಬೇಕಾದದ್ದಕ್ಕೆ ನೇರ ಹೋಗಿ. ಆದರೆ 6 ಮತ್ತು 7ನೇ ಪ್ರಶ್ನೆ ಬಿಡಬೇಡಿ. ಮುಂದಿನ ಹೆಚ್ಚಿನ ಉತ್ತರಗಳು ಅವುಗಳ ಮೇಲೇ ನಿಂತಿವೆ.

1. ಅಯಸ್ಕಾಂತ ಕಬ್ಬಿಣಕ್ಕೆ ಅಂಟುತ್ತದೆ, ತಾಮ್ರಕ್ಕೆ ಯಾಕೆ ಅಂಟಲ್ಲ?

ಪರಮಾಣುವಿನೊಳಗಿನ ಒಂದೊಂದು ಎಲೆಕ್ಟ್ರಾನ್ ಕೂಡ ಪುಟ್ಟ ಅಯಸ್ಕಾಂತವೇ. ಹೆಚ್ಚಿನ ವಸ್ತುಗಳಲ್ಲಿ ಇವು ಜೋಡಿಯಾಗಿ ಎದುರುಬದುರು ನಿಲ್ಲುತ್ತವೆ, ಒಂದರ ಪ್ರಭಾವವನ್ನು ಇನ್ನೊಂದು ಅಳಿಸಿಬಿಡುತ್ತದೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ಗಳಂಥ ಕೆಲವೇ ಲೋಹಗಳಲ್ಲಿ ಕೆಲವು ಎಲೆಕ್ಟ್ರಾನ್‌ಗಳು ಒಂಟಿಯಾಗಿ ಉಳಿಯುತ್ತವೆ, ಜೊತೆಗೆ ಅಕ್ಕಪಕ್ಕದ ಪರಮಾಣುಗಳೆಲ್ಲ ಒಂದೇ ಕಡೆ ಮುಖ ಮಾಡುತ್ತವೆ. ಹೀಗೆ ಒಂದೇ ಕಡೆ ಮುಖ ಮಾಡಿದ ಗುಂಪಿಗೆ ಡೊಮೇನ್ ಅಂತಾರೆ. ಸಾದಾ ಮೊಳೆಯಲ್ಲಿ ಒಂದೊಂದು ಡೊಮೇನ್ ಒಂದೊಂದು ದಿಕ್ಕಿಗಿರುತ್ತದೆ, ಹಾಗಾಗಿ ಮೊಳೆ ತಾನಾಗಿ ಏನನ್ನೂ ಎಳೆಯಲ್ಲ. ಅಯಸ್ಕಾಂತ ಹತ್ತಿರ ತಂದ ಕೂಡಲೇ ಅದಕ್ಕೆ ಹೊಂದುವ ಡೊಮೇನ್‌ಗಳು ಬೆಳೆಯುತ್ತವೆ, ಮೊಳೆಯೇ ಸ್ವಲ್ಪ ಹೊತ್ತಿಗೆ ಅಯಸ್ಕಾಂತವಾಗುತ್ತದೆ. ತಾಮ್ರವೂ ಪ್ರತಿಕ್ರಿಯಿಸುತ್ತದೆ, ಆದರೆ ಎಳೆತವಲ್ಲ, ತಳ್ಳಾಟ. ಅದೂ ಕೈಗೆ ಗೊತ್ತೇ ಆಗದಷ್ಟು ಕಡಿಮೆ.

2. ಸ್ಟೀಲ್ ಪಾತ್ರೆಗಳಲ್ಲಿ ಕೆಲವಕ್ಕೆ ಅಂಟುತ್ತದೆ, ಕೆಲವಕ್ಕೆ ಇಲ್ಲ. ಅಂಟದೇ ಇದ್ದರೆ ಅದು ಅಸಲಿ ಸ್ಟೀಲಾ?

ಅಂಗಡಿಯವರು ಹಾಗೆ ಹೇಳುತ್ತಾರೆ, ಅರ್ಧ ನಿಜ. 304 ಅನ್ನುವ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಜೊತೆ ಸುಮಾರು 8 ಶೇಕಡಾ ನಿಕ್ಕಲ್ ಇರುತ್ತದೆ. ನಿಕ್ಕಲ್ ಸೇರಿದಾಗ ಪರಮಾಣುಗಳು ಜೋಡಣೆಯಾಗುವ ರೀತಿಯೇ ಬದಲಾಗಿ ಡೊಮೇನ್ ಕಟ್ಟಿಕೊಳ್ಳುವುದಿಲ್ಲ. 430 ಅನ್ನುವುದರಲ್ಲಿ ನಿಕ್ಕಲ್ ಹೆಚ್ಚುಕಡಿಮೆ ಇಲ್ಲ, ಹಾಗಾಗಿ ಅಂಟುತ್ತದೆ. ಎರಡೂ ಸ್ಟೇನ್‌ಲೆಸ್ ಸ್ಟೀಲೇ. ಆದರೆ ನಿಕ್ಕಲ್ ಕಡಿಮೆ ಹಾಕಿ ಮ್ಯಾಂಗನೀಸ್ ಜಾಸ್ತಿ ಹಾಕಿದ ಅಗ್ಗದ ಸ್ಟೀಲೂ ಇದೆ, ಅದಕ್ಕೂ ಅಯಸ್ಕಾಂತ ಅಂಟಲ್ಲ. ಆದ್ದರಿಂದ ಬರೀ ಅಯಸ್ಕಾಂತ ಹಿಡಿದು ಗುಣಮಟ್ಟ ಹೇಳೋಕಾಗಲ್ಲ.

ಒಂದು ತಮಾಷೆ ನೋಡಿ. ನಿಮ್ಮ ಮನೆಯ ಅಂಟದ ಲೋಟವನ್ನೇ ತೆಗೆದುಕೊಂಡು ಅದರ ಬಾಯಂಚಿನ ಹತ್ತಿರ, ತಗಡನ್ನು ಹೊರಗೆ ಮಡಿಸಿರುತ್ತಾರಲ್ಲ, ಅಲ್ಲಿ ಒಂದು ಸಣ್ಣ ನಿಯೋಡಿಮಿಯಂ ಅಯಸ್ಕಾಂತ (ಹೊಳೆಯುವ, ಬಲವಾದ ಬಗೆ) ಹಿಡಿಯಿರಿ. ಎಷ್ಟೋ ಲೋಟಗಳಲ್ಲಿ ಅಲ್ಲಿ ಮಾತ್ರ ಮೆಲ್ಲಗೆ ಎಳೆಯುತ್ತದೆ. ಬಗ್ಗಿಸಿ, ಎಳೆದು, ಒತ್ತಿದ ಜಾಗದಲ್ಲಿ ಪರಮಾಣುಗಳ ಜೋಡಣೆ ಸ್ವಲ್ಪ ಬದಲಾಗಿರುತ್ತದೆ, ಅದಕ್ಕೆ.

3. ಸಮುದ್ರದ ಮರಳಿನಲ್ಲಿ ಅಯಸ್ಕಾಂತ ಆಡಿಸಿದರೆ ಅಂಟುವ ಕಪ್ಪು ಪುಡಿ ಯಾವುದು?

ಬಹುಮಟ್ಟಿಗೆ ಮ್ಯಾಗ್ನೆಟೈಟ್. ಕಬ್ಬಿಣದ ಅದಿರಿನಲ್ಲೇ ಒಂದು ಬಗೆ. ಎಲ್ಲ ಅದಿರೂ ಹೀಗೆ ಅಂಟುವುದಿಲ್ಲ. ಬಳ್ಳಾರಿ, ಸಂಡೂರಿನ ಕಡೆಯ ಅದಿರು ಹೆಮಟೈಟ್. ಅದರಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಸಾಮಾನ್ಯ ಅಯಸ್ಕಾಂತಕ್ಕೆ ಕ್ಯಾರೇ ಅನ್ನುವುದಿಲ್ಲ. ಕುದುರೆಮುಖದ್ದು ಮ್ಯಾಗ್ನೆಟೈಟ್. ಅಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ, ಆದರೂ ಗಣಿ ನಡೆಯಿತು ಅಂದರೆ ಅದಕ್ಕೊಂದು ಕಾರಣ ಈ ಅಂಟುವ ಗುಣ. ಕಲ್ಲನ್ನು ಅರೆದು ಅಯಸ್ಕಾಂತದಿಂದ ಕಬ್ಬಿಣದ ಪುಡಿಯನ್ನು ಬೇರೆ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

4. ಅಯಸ್ಕಾಂತ ಕಾಯಿಸಿದರೆ ಶಕ್ತಿ ಹೋಗುತ್ತದಾ?

ಹೋಗುತ್ತದೆ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಡೊಮೇನ್‌ಗಳೇ ಉಳಿಯಲ್ಲ. ಇದಕ್ಕೆ ಕ್ಯೂರಿ ತಾಪಮಾನ ಅಂತಾರೆ, ಪಿಯರ್ ಕ್ಯೂರಿ ಹೆಸರಿನಲ್ಲಿ. ಈಗ ಎಲ್ಲ ಕಡೆ ಸಿಗುವ ಹೊಳೆಯುವ ನಿಯೋಡಿಮಿಯಂ ಅಯಸ್ಕಾಂತಗಳಂತೂ ಇನ್ನೂ ಸೂಕ್ಷ್ಮ, ಸಾಮಾನ್ಯ ದರ್ಜೆಯವು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತವೆ. ಕುದಿಯುವ ನೀರಿಗೆ ಹಾಕಿ ನೋಡಬೇಡಿ, ದುಡ್ಡು ದಂಡ.

ಈ ಗುಣವನ್ನೇ ಉಪಯೋಗಿಸಿಕೊಂಡ ಸಾಮಾನು ನಿಮ್ಮ ಅಡುಗೆಮನೆಯಲ್ಲೇ ಇರಬಹುದು. ಸಾದಾ ಎಲೆಕ್ಟ್ರಿಕ್ ರೈಸ್ ಕುಕ್ಕರ್. ಅನ್ನ ಆದ ಕೂಡಲೇ 'ಟಕ್' ಅಂತ ಸ್ವಿಚ್ ಮೇಲೇಳುತ್ತದಲ್ಲ, ಅದಕ್ಕೆ ಕಂಪ್ಯೂಟರ್ ಏನಿಲ್ಲ. ನಡುವೆ ಸ್ಪ್ರಿಂಗ್ ಮೇಲೆ ಕೂತ ಗುಂಡಿಯಂಥದ್ದು ಕಾಣುತ್ತದೆ, ಅದರೊಳಗೊಂದು ಅಯಸ್ಕಾಂತ, ಅದಕ್ಕೆ ಅಂಟಿಕೊಂಡ ವಿಶೇಷ ಲೋಹದ ತುಂಡು. ನೀರು ಇರುವ ತನಕ ಪಾತ್ರೆಯ ತಳ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆರಿದ ಮೇಲೆ ಬಿಸಿ ಏರುತ್ತದೆ, ಆ ತುಂಡು ತನ್ನ ಕ್ಯೂರಿ ತಾಪಮಾನ ದಾಟುತ್ತದೆ, ಅಯಸ್ಕಾಂತಕ್ಕೆ ಅಂಟುವುದು ಬಿಡುತ್ತದೆ, ಸ್ಪ್ರಿಂಗ್ ಸ್ವಿಚ್ಚನ್ನು ತಳ್ಳುತ್ತದೆ. ಅನ್ನ ಬೆಂದಿದೆಯಾ ಇಲ್ಲವಾ ಅಂತ ಅದಕ್ಕೆ ಗೊತ್ತಿಲ್ಲ, ನೀರು ಮುಗಿದಿದ್ದು ಮಾತ್ರ ಗೊತ್ತು.

5. ಕರೆಂಟ್ ಹರಿಯುವ ತಂತಿ ಅಯಸ್ಕಾಂತ ಅಂತಾರೆ. ಹಾಗಾದರೆ ಮನೆಯ ವೈರಿಗೆ ಮೊಳೆ ಯಾಕೆ ಅಂಟಲ್ಲ?

1820ರಲ್ಲಿ ಕೋಪನ್‌ಹೇಗನ್‌ನಲ್ಲಿ ಓರ್‌ಸ್ಟೆಡ್ ಅನ್ನುವ ಮೇಷ್ಟ್ರು ತಂತಿಯಲ್ಲಿ ಕರೆಂಟ್ ಬಿಟ್ಟಾಗ ಹತ್ತಿರ ಇಟ್ಟಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ಅಲ್ಲಿಯವರೆಗೆ ಕರೆಂಟ್ ಬೇರೆ, ಅಯಸ್ಕಾಂತ ಬೇರೆ ಅಂದುಕೊಂಡಿದ್ದರು. ತಂತಿಯ ಸುತ್ತ ಕಾಂತಕ್ಷೇತ್ರ ಇರುವುದು ನಿಜ, ಆದರೆ ಒಂಟಿ ತಂತಿಯದು ತೀರಾ ಕಡಿಮೆ. 10 ಆಂಪಿಯರ್ ಹರಿಯುವ ತಂತಿಯಿಂದ 2 ಸೆಂಟಿಮೀಟರ್ ದೂರದಲ್ಲಿ ಸಿಗುವುದು 100 ಮೈಕ್ರೋಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಎರಡೂವರೆ ಪಟ್ಟು. ಅಷ್ಟಕ್ಕೆ ದಿಕ್ಸೂಚಿ ತಿರುಗೀತು, ಮೊಳೆ ಏಳಲ್ಲ. ಮೇಲಾಗಿ ಮನೆಯ ವೈರಿಂಗ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಒಂದೇ ಪೈಪಿನಲ್ಲಿ ಜೊತೆಜೊತೆಗೆ ಹೋಗುತ್ತವೆ, ಒಂದರಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ವಾಪಸ್ ಬರುತ್ತದೆ, ಎರಡರ ಕ್ಷೇತ್ರವೂ ಒಂದನ್ನೊಂದು ಅಳಿಸಿಬಿಡುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಯ ಪ್ರಶ್ನೆಗೆ ಬೇಕಾಗುತ್ತದೆ.

ತಂತಿಯನ್ನು ಸುತ್ತಿ ಸುತ್ತಿ ಕಾಯಿಲ್ ಮಾಡಿದರೆ ಒಂದೊಂದು ಸುತ್ತಿನ ಕ್ಷೇತ್ರವೂ ಕೂಡಿಕೊಳ್ಳುತ್ತದೆ. ಒಳಗೆ ಕಬ್ಬಿಣ ಇಟ್ಟರೆ ಅದು ಎಷ್ಟೋ ಪಟ್ಟು ಜಾಸ್ತಿ. ಶಾಲೆಯಲ್ಲಿ ಮೊಳೆಗೆ ತಂತಿ ಸುತ್ತಿ ಸೆಲ್‌ಗೆ ಜೋಡಿಸುವ ಪ್ರಯೋಗ ಇದೇ. ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಂದ ತಾಮ್ರದ ತಂತಿಯಾದರೆ ಎರಡೂ ತುದಿಯನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ. ಮೇಲೆ ಎನಾಮಲ್ ಇರುತ್ತದೆ, ಕಣ್ಣಿಗೆ ಬರಿ ತಾಮ್ರದ ಹಾಗೇ ಕಾಣುತ್ತದೆ. 'ಸರ್, ಪ್ರಯೋಗ ವರ್ಕ್ ಆಗ್ತಿಲ್ಲ' ಅನ್ನುವ ಹತ್ತರಲ್ಲಿ ಒಂಬತ್ತು ಮಕ್ಕಳ ಕಥೆ ಇದೇ. ಗೋಡೆಯ ಪ್ಲಗ್‌ಗೆ ಮಾತ್ರ ಯಾವ ಕಾರಣಕ್ಕೂ ಜೋಡಿಸಬೇಡಿ.

6. ಕಾಯಿಲ್ ಪಕ್ಕ ಅಯಸ್ಕಾಂತ ಇಟ್ಟರೆ ಕರೆಂಟ್ ಬರುತ್ತದಾ?

ಇಟ್ಟರೆ ಬರಲ್ಲ. ಆಡಿಸಿದರೆ ಬರುತ್ತದೆ.

ಇಡೀ ವಿಷಯದ ತಿರುಳೇ ಇದು. ಓರ್‌ಸ್ಟೆಡ್ ನಂತರ ಯುರೋಪಿನಲ್ಲಿ ಎಲ್ಲರಿಗೂ ಬಂದ ಆಲೋಚನೆ ಒಂದೇ: ಕರೆಂಟಿನಿಂದ ಅಯಸ್ಕಾಂತ ಆಗುತ್ತದೆ ಅಂದರೆ ಅಯಸ್ಕಾಂತದಿಂದ ಕರೆಂಟ್ ಆಗಬೇಕಲ್ವಾ? ಹತ್ತು ವರ್ಷ ಹುಡುಕಿದರು. ಅಯಸ್ಕಾಂತದ ಪಕ್ಕ ತಂತಿ ಇಟ್ಟು ಸುಮ್ನೆ ನೋಡುತ್ತಾ ಕೂತರೆ ಏನೂ ಆಗುತ್ತಿರಲಿಲ್ಲ. ಲಂಡನ್ನಿನ ಮೈಕೆಲ್ ಫ್ಯಾರಡೆ 1831ರ ಆಗಸ್ಟ್ 29ರಂದು ಒಂದು ಕಬ್ಬಿಣದ ಬಳೆಗೆ ಎರಡು ಕಡೆ ಬೇರೆ ಬೇರೆ ತಂತಿ ಸುತ್ತಿದ. ಒಂದಕ್ಕೆ ಬ್ಯಾಟರಿ, ಇನ್ನೊಂದರ ತಂತಿಯ ಹತ್ತಿರ ದಿಕ್ಸೂಚಿ. ಬ್ಯಾಟರಿ ಜೋಡಿಸಿದ ಆ ಕ್ಷಣ ಮುಳ್ಳು ಅಲುಗಿ ವಾಪಸ್ ಬಂತು. ಕರೆಂಟ್ ಹರಿಯುತ್ತಲೇ ಇದ್ದಾಗ ಏನೂ ಇಲ್ಲ. ಬ್ಯಾಟರಿ ತೆಗೆದಾಗ ಮತ್ತೆ ಅಲುಗಿತು, ಈ ಸಲ ಉಲ್ಟಾ. ಅದೇ ಅಕ್ಟೋಬರ್‌ನಲ್ಲಿ ಕಾಯಿಲ್ ಒಳಗೆ ಅಯಸ್ಕಾಂತದ ಕಡ್ಡಿಯನ್ನು ತೂರಿಸಿದಾಗಲೂ ಹೀಗೇ ಆಯಿತು. ಕಮ್ಮಾರನ ಮಗ, ಪುಸ್ತಕ ಬೈಂಡ್ ಮಾಡುವ ಅಂಗಡಿಯಲ್ಲಿ ಕೆಲಸ ಕಲಿತವನು, ಗಣಿತ ಅಷ್ಟಕ್ಕಷ್ಟೇ. ಆದರೆ ಮುಳ್ಳಿನ ಆ ಕ್ಷಣದ ಅಲುಗಾಟವನ್ನು ಅವನು ಕಡೆಗಣಿಸಲಿಲ್ಲ. ಅಮೆರಿಕದಲ್ಲಿ ಜೋಸೆಫ್ ಹೆನ್ರಿ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡಿದ್ದ, ಮೊದಲು ಪ್ರಕಟಿಸಿದ್ದು ಫ್ಯಾರಡೆ.

ಲೆಕ್ಕ ಹೀಗೆ. ಕಾಯಿಲ್ ಮೂಲಕ ಹಾಯುವ ಕಾಂತಕ್ಷೇತ್ರದ ಒಟ್ಟು ಮೊತ್ತಕ್ಕೆ ಫ್ಲಕ್ಸ್ ಅಂತಾರೆ. ಅದು ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಜಾಸ್ತಿ ವೋಲ್ಟೇಜ್, ಸುತ್ತು ಎಷ್ಟಿದೆಯೋ ಅಷ್ಟು ಪಟ್ಟು. 500 ಸುತ್ತಿನ ಕಾಯಿಲ್, ಒಳಗಿನ ವಿಸ್ತೀರ್ಣ 5 ಚದರ ಸೆಂಟಿಮೀಟರ್, ಅದರಲ್ಲಿ 0.2 ಟೆಸ್ಲಾ ಕ್ಷೇತ್ರ ಅಂದುಕೊಳ್ಳಿ. ಅಯಸ್ಕಾಂತವನ್ನು 0.1 ಸೆಕೆಂಡಿನಲ್ಲಿ ಹೊರಗೆಳೆದರೆ ಸರಾಸರಿ ಅರ್ಧ ವೋಲ್ಟ್. 0.05 ಸೆಕೆಂಡಿನಲ್ಲಿ ಎಳೆದರೆ 1 ವೋಲ್ಟ್. ಅದೇ ಅಯಸ್ಕಾಂತ, ಅದೇ ಕಾಯಿಲ್, ಕೈಯ ವೇಗ ಮಾತ್ರ ಬೇರೆ. ಒಂದು ಕೆಂಪು ಎಲ್‌ಇಡಿ ಹೊತ್ತಲು 2 ವೋಲ್ಟಿನ ಹತ್ತಿರ ಬೇಕು. ಹಾಗಾಗಿ ಪಿವಿಸಿ ಪೈಪಿನ ತುಂಡಿಗೆ ಸಾವಿರ ಸುತ್ತಿನಷ್ಟು ತಂತಿ ಸುತ್ತಿ ಒಳಗೆ ಒಳ್ಳೆಯ ನಿಯೋಡಿಮಿಯಂ ಅಯಸ್ಕಾಂತ ಹಾಕಿ ಜೋರಾಗಿ ಕುಲುಕಬೇಕು. ಎರಡು ಎಲ್‌ಇಡಿಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಕತ್ತಲಲ್ಲಿ ಕುಲುಕಿ ನೋಡಿ. ಒಂದಾದ ಮೇಲೆ ಒಂದು ಮಿನುಗುತ್ತವೆ, ಎರಡೂ ಒಟ್ಟಿಗೆ ಅಲ್ಲ. ಅಯಸ್ಕಾಂತ ಒಳಗೆ ಬರುವಾಗ ಕರೆಂಟ್ ಒಂದು ಕಡೆಗೆ, ಹೊರಗೆ ಹೋಗುವಾಗ ಇನ್ನೊಂದು ಕಡೆಗೆ. ಎಸಿ ಅಂದರೆ ಇದೇ.

7. ಸೈಕಲ್ ಡೈನಮೋ ಹಾಕಿದಾಗ ತುಳಿಯೋದು ಯಾಕೆ ಭಾರ?

ಟೈರಿಗೆ ಉಜ್ಜುವ ಘರ್ಷಣೆ ಒಂದಷ್ಟು. ಉಳಿದದ್ದು ಲೆನ್ಸ್ ನಿಯಮ. 1834ರಲ್ಲಿ ಲೆನ್ಸ್ ಹೇಳಿದ್ದು: ಹುಟ್ಟಿದ ಕರೆಂಟ್ ತನ್ನನ್ನು ಹುಟ್ಟಿಸಿದ ಬದಲಾವಣೆಗೇ ಅಡ್ಡ ನಿಲ್ಲುತ್ತದೆ. ಡೈನಮೋ ಒಳಗೆ ಅಯಸ್ಕಾಂತ ತಿರುಗುತ್ತದೆ, ಸುತ್ತ ಇರುವ ಕಾಯಿಲಿನಲ್ಲಿ ಕರೆಂಟ್ ಹುಟ್ಟುತ್ತದೆ, ಆ ಕರೆಂಟಿನಿಂದ ಕಾಯಿಲೂ ಅಯಸ್ಕಾಂತವಾಗಿ ತಿರುಗುವುದನ್ನು ಹಿಡಿದೆಳೆಯುತ್ತದೆ. ಆ ಎಳೆತದ ವಿರುದ್ಧ ನಿಮ್ಮ ಕಾಲು ಮಾಡುವ ಕೆಲಸವೇ ಬಲ್ಬಿನ ಬೆಳಕು. ಬಲ್ಬ್ ಸುಟ್ಟುಹೋಗಿದ್ದರೆ ಅದೇ ಡೈನಮೋ ಹಗುರ ಅನ್ನಿಸುತ್ತದೆ, ಯಾಕೆಂದರೆ ಸರ್ಕ್ಯೂಟ್ ಪೂರ್ತಿಯಾಗಿಲ್ಲ, ಕರೆಂಟ್ ಹರಿಯುತ್ತಿಲ್ಲ.

ಒಂದು ಮೀಟರ್ ಉದ್ದದ ದಪ್ಪ ತಾಮ್ರದ ಪೈಪ್ ಸಿಕ್ಕರೆ ಅದನ್ನು ನೆಟ್ಟಗೆ ಹಿಡಿದು ಒಳಗೆ ನಿಯೋಡಿಮಿಯಂ ಅಯಸ್ಕಾಂತ ಬಿಡಿ. ಕಲ್ಲು ಬಿಟ್ಟರೆ ಅರ್ಧ ಸೆಕೆಂಡಿನೊಳಗೆ ಕೆಳಗಿರುತ್ತದೆ. ಅಯಸ್ಕಾಂತ ಕೆಲವು ಸೆಕೆಂಡು ತೆಗೆದುಕೊಂಡು ಆರಾಮಾಗಿ ಇಳಿಯುತ್ತದೆ. ಮೇಲಿಂದ ಇಣುಕಿದರೆ ತೇಲುತ್ತಾ ಹೋಗುವುದು ಕಾಣುತ್ತದೆ. ತಾಮ್ರಕ್ಕೆ ಅಯಸ್ಕಾಂತ ಅಂಟಲ್ಲ ಅಂತ ಮೊದಲನೇ ಪ್ರಶ್ನೆಯಲ್ಲೇ ಹೇಳಿದೆ, ಹಾಗಾಗಿ ನಿಧಾನವಾಗಿದ್ದು ಅಂಟಿಕೊಂಡಿದ್ದರಿಂದ ಅಲ್ಲ. ಪೈಪಿನ ಗೋಡೆಯಲ್ಲೇ ಸುಳಿಯಾಗಿ ಹುಟ್ಟುವ ಕರೆಂಟ್ ಅದನ್ನು ತಡೆಯುತ್ತಿದೆ. ಇಂಥ ಕರೆಂಟಿಗೆ ಎಡ್ಡಿ ಕರೆಂಟ್ ಅಂತ ಹೆಸರು.

8. ಟಿಸಿಗೆ ಬ್ಯಾಟರಿ ಕರೆಂಟ್ ಕೊಟ್ಟರೆ ನಡೆಯುತ್ತದಾ?

ನಡೆಯಲ್ಲ. ಟ್ರಾನ್ಸ್‌ಫಾರ್ಮರ್ (ಜನರ ಬಾಯಲ್ಲಿ ಟಿಸಿ) ಅಂದರೆ ಫ್ಯಾರಡೆಯ ಆ ಬಳೆಯೇ. ಒಂದು ಕಾಯಿಲಿನಲ್ಲಿ ಕರೆಂಟ್ ಬದಲಾಗುತ್ತಲೇ ಇದ್ದರೆ ಮಾತ್ರ ಇನ್ನೊಂದರಲ್ಲಿ ವೋಲ್ಟೇಜ್ ಬರುತ್ತದೆ. ನಮ್ಮ ಲೈನಿನಲ್ಲಿ ಎಸಿ ಸೆಕೆಂಡಿಗೆ 50 ಆವರ್ತನೆ, ಹಾಗಾಗಿ ಬದಲಾವಣೆ ನಿಲ್ಲುವುದೇ ಇಲ್ಲ. ಬ್ಯಾಟರಿಯದು ಒಂದೇ ಸಮ, ಅದಕ್ಕೆ ಡಿಸಿ ಅಂತಾರೆ. ಜೋಡಿಸಿದ ಕ್ಷಣ ಒಂದು ಕಿಡಿ, ಆಮೇಲೆ ಕಾಯಿಲ್ ಬಿಸಿಯಾಗುತ್ತದೆ ಅಷ್ಟೇ. ಮನೆಯ ಯುಪಿಎಸ್ ಮೊದಲು ಬ್ಯಾಟರಿಯ ಡಿಸಿಯನ್ನು ಎಸಿ ಮಾಡಿಕೊಳ್ಳುವುದೂ ಇದಕ್ಕೇ.

ವೋಲ್ಟೇಜ್ ಏರಿಸಿ ಇಳಿಸುವ ತಲೆನೋವು ಯಾಕೆ ಅಂತ ಕೇಳುತ್ತಾರೆ. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟ್ ಹತ್ತನೇ ಒಂದು ಸಾಕು, ತಂತಿಯಲ್ಲಿ ಬಿಸಿಯಾಗಿ ಹಾಳಾಗುವುದು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ಕಳಿಸಲು ಆಗಿದ್ದೇ ಇದರಿಂದ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಇವತ್ತು ನಿಮ್ಮ ಊರಿನ ಟಿಸಿಗೆ ಬರುವುದು 11,000 ವೋಲ್ಟ್. ಅಲ್ಲಿಂದ ಮೂರು ಫೇಸಿನಲ್ಲಿ 400 ಚಿಲ್ಲರೆ ವೋಲ್ಟ್ ಹೊರಡುತ್ತದೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಮನೆಗೆ ಸಿಗುವುದು 230ರ ಆಸುಪಾಸು, ಹೆಸರಿಗಾದರೂ.

9. ಟಿಸಿ 'ಗುಂಯ್' ಅನ್ನೋದು ಯಾಕೆ? ಹಾಳಾಗ್ತಿದೆಯಾ?

ಸಣ್ಣ ಗುಂಯ್‌ಗುಡುವಿಕೆ ಸಹಜ. ಕಬ್ಬಿಣ ಅಯಸ್ಕಾಂತವಾದಾಗ ಅದರ ಉದ್ದ ಕೂದಲೆಳೆಗಿಂತ ಎಷ್ಟೋ ಕಡಿಮೆ ಬದಲಾಗುತ್ತದೆ. ಒಂದು ಆವರ್ತನೆಯಲ್ಲಿ ಎರಡು ಸಲ, ಅಂದರೆ ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗುವಾಗ ಆ ಸದ್ದು. ಒಳಗಿನ ಕಬ್ಬಿಣ ಒಂದೇ ಗಟ್ಟಿಯಾಗಿರಲ್ಲ, ತೆಳು ತಗಡುಗಳನ್ನು ಒಂದಕ್ಕೊಂದು ಕರೆಂಟ್ ತಾಗದಂತೆ ಪೇರಿಸಿರುತ್ತಾರೆ. ಇಲ್ಲದಿದ್ದರೆ ತಾಮ್ರದ ಪೈಪಿನಲ್ಲಿ ಹುಟ್ಟಿದಂಥ ಎಡ್ಡಿ ಕರೆಂಟ್ ಕಬ್ಬಿಣದಲ್ಲೂ ಹುಟ್ಟಿ ಅದನ್ನು ಕಾಯಿಸಿಬಿಡುತ್ತದೆ. ಸದ್ದು ಇದ್ದಕ್ಕಿದ್ದಂತೆ ಜೋರಾದರೆ, ಚಟಪಟ ಅಂದರೆ, ಎಣ್ಣೆ ಸೋರುತ್ತಿದ್ದರೆ ಲೈನ್‌ಮನ್‌ಗೆ ಹೇಳಿ. ನೀವು ಹತ್ತಿರ ಹೋಗಬೇಡಿ.

10. ಪಂಪ್‌ಸೆಟ್ ಮೋಟಾರಿನ ಒಳಗೆ ಅಯಸ್ಕಾಂತವೇ ಇಲ್ಲವಲ್ಲ, ಹೇಗೆ ತಿರುಗುತ್ತದೆ?

ಬಿಚ್ಚಿ ನೋಡಿದವರ ಪ್ರಶ್ನೆ ಇದು, ನನಗಿಷ್ಟವಾದದ್ದು. ಹೊರಗಿನ ಭಾಗದಲ್ಲಿ ತಾಮ್ರದ ವೈಂಡಿಂಗ್. ನಡುವೆ ತಿರುಗುವ ರೋಟರಿಗೆ ವೈರೂ ಇಲ್ಲ, ಅಯಸ್ಕಾಂತವೂ ಇಲ್ಲ. ಕಬ್ಬಿಣದ ತಗಡುಗಳ ನಡುವೆ ಅಲ್ಯೂಮಿನಿಯಂ ಇಲ್ಲವೇ ತಾಮ್ರದ ಸರಳುಗಳು, ಎರಡೂ ತುದಿಯಲ್ಲಿ ಬಳೆ ಹಾಕಿ ಜೋಡಿಸಿದ್ದು.

ಮೂರು ಫೇಸ್‌ಗಳು ಒಂದೇ ಸಲ ಏರಿಳಿಯುವುದಿಲ್ಲ, ಒಂದರ ಹಿಂದೆ ಒಂದು ಏರಿಳಿಯುತ್ತವೆ. ಮೂರನ್ನೂ ಸುತ್ತಲೂ ಜೋಡಿಸಿದಾಗ ಕಾಂತಕ್ಷೇತ್ರವೇ ಗಿರಗಿರ ತಿರುಗುತ್ತದೆ. ಎರಡು ಪೋಲಿನ ಮೋಟಾರಿನಲ್ಲಿ ಅದರ ವೇಗ ನಿಮಿಷಕ್ಕೆ 3000 ಸುತ್ತು. ಈ ತಿರುಗುವ ಕ್ಷೇತ್ರ ರೋಟರಿನ ಸರಳುಗಳಲ್ಲಿ ಕರೆಂಟ್ ಹುಟ್ಟಿಸುತ್ತದೆ, ಲೆನ್ಸ್ ಹೇಳಿದ ಹಾಗೆ ಆ ಕರೆಂಟ್ ಬದಲಾವಣೆಯನ್ನು ಕಡಿಮೆ ಮಾಡಲು ನೋಡುತ್ತದೆ. ಕಡಿಮೆ ಮಾಡಬೇಕಾದರೆ ಇರುವ ದಾರಿ ಒಂದೇ, ಕ್ಷೇತ್ರದ ಹಿಂದೆ ತಾನೂ ಓಡುವುದು. ಆದರೆ ಪೂರ್ತಿ ಹಿಡಿಯುವಂತಿಲ್ಲ. ಹಿಡಿದರೆ ಬದಲಾವಣೆ ಇಲ್ಲ, ಕರೆಂಟ್ ಇಲ್ಲ, ಎಳೆತವೂ ಇಲ್ಲ. ಅದಕ್ಕೇ ಮೋಟಾರಿನ ಪ್ಲೇಟಿನ ಮೇಲೆ 3000 ಅಂತ ಬರೆದಿರಲ್ಲ, 2850, 2880 ಅಂತ ಇರುತ್ತದೆ.

ಈಗ ಸುಡುವ ವಿಷಯ. ರೋಟರ್ ನಿಂತಿದ್ದಾಗ ಬದಲಾವಣೆ ಅತಿ ಜಾಸ್ತಿ, ಹಾಗಾಗಿ ಚಾಲೂ ಆಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ದೊಡ್ಡ ಮೋಟಾರುಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುವುದು ಇದನ್ನು ತಗ್ಗಿಸಲಿಕ್ಕೆ. ಓಡುತ್ತಿರುವಾಗ ಒಂದು ಫೇಸ್ ಹೋದರೆ, ವೋಲ್ಟೇಜ್ ಕುಸಿದರೆ, ಅಥವಾ ಮರಳು ಕಚ್ಚಿಕೊಂಡು ಪಂಪ್ ಜಾಮ್ ಆದರೆ ರೋಟರ್ ನಿಧಾನವಾಗುತ್ತದೆ, ವೈಂಡಿಂಗ್ ಮತ್ತೆ ಆ ಜಾಸ್ತಿ ಕರೆಂಟನ್ನೇ ಎಳೆಯತೊಡಗುತ್ತದೆ, ಆದರೆ ಈ ಸಲ ಕ್ಷಣಕ್ಕಲ್ಲ, ಯಾರಾದರೂ ಆಫ್ ಮಾಡುವ ತನಕ. ಆಮೇಲೆ ಕಾಯಿಲ್ ಕಟ್ಟಿಸುವ ಖರ್ಚು. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆ ಅಂತ ಅದನ್ನು ಡೈರೆಕ್ಟ್ ಮಾಡಿಸುವವರು ಇದ್ದಾರೆ. ದಯವಿಟ್ಟು ಬೇಡ. ಒಂದು ಫೇಸ್ ಹೋದಾಗ ಮೋಟಾರ್ ನಿಲ್ಲಿಸುವ ಪ್ರಿವೆಂಟರ್‌ಗೆ ಆಗುವ ದುಡ್ಡು ರಿವೈಂಡಿಂಗ್‌ಗಿಂತ ಎಷ್ಟೋ ಕಡಿಮೆ.

11. ಫ್ಯಾನ್ ತಾನಾಗಿ ತಿರುಗಲ್ಲ, ಕೋಲಿನಿಂದ ತಳ್ಳಿದರೆ ತಿರುಗುತ್ತದೆ. ಏನಾಗಿದೆ?

ಬಹುಶಃ ಕೆಪಾಸಿಟರ್ ಹೋಗಿದೆ. ಮನೆಗೆ ಬರುವುದು ಒಂದೇ ಫೇಸ್, ಅದರಿಂದ ಕ್ಷೇತ್ರ ಹಿಂದೆ ಮುಂದೆ ಆಗುತ್ತದೆಯೇ ಹೊರತು ತಿರುಗಲ್ಲ. ಕೆಪಾಸಿಟರ್ ಎರಡನೇ ವೈಂಡಿಂಗ್‌ನ ಕರೆಂಟನ್ನು ಸ್ವಲ್ಪ ಸಮಯ ಆಚೀಚೆ ಮಾಡಿ ತಿರುಗುವ ಕ್ಷೇತ್ರ ಮಾಡಿಕೊಡುತ್ತದೆ. ಅದಿಲ್ಲದಿದ್ದರೆ ಮೊದಲ ತಳ್ಳು ನೀವು ಕೊಡಬೇಕು, ಯಾವ ಕಡೆ ತಳ್ಳಿದರೆ ಆ ಕಡೆ ತಿರುಗುತ್ತದೆ. ಹೊಸ ಬಿಎಲ್‌ಡಿಸಿ ಫ್ಯಾನಿನಲ್ಲಿ ಮಾತ್ರ ಒಳಗೆ ನಿಜವಾದ ಅಯಸ್ಕಾಂತವೇ ಇದೆ. ಹಳೆಯದು 75 ವ್ಯಾಟ್ ತಿನ್ನುವ ಕಡೆ ಅದು 30ರ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ.

12. ಇಂಡಕ್ಷನ್ ಒಲೆಗೆ ಅಲ್ಯೂಮಿನಿಯಂ ಪಾತ್ರೆ ಯಾಕೆ ಆಗಲ್ಲ?

ಗಾಜಿನ ಕೆಳಗೆ ಚಪ್ಪಟೆ ಕಾಯಿಲ್ ಇದೆ. ಅದರಲ್ಲಿ ಕರೆಂಟ್ ಸೆಕೆಂಡಿಗೆ ಇಪ್ಪತ್ತು ಸಾವಿರ ಸಲಕ್ಕಿಂತ ಜಾಸ್ತಿ ದಿಕ್ಕು ಬದಲಿಸುತ್ತದೆ. ಒಲೆ ತಾನು ಬೆಂಕಿ ಮಾಡಲ್ಲ, ಪಾತ್ರೆಯ ತಳದಲ್ಲೇ ಎಡ್ಡಿ ಕರೆಂಟ್ ಹುಟ್ಟಿ ತಳವೇ ಕಾಯುತ್ತದೆ. ಟಿಸಿಯವರು ಯಾವುದನ್ನು ತಡೆಯಲು ಒದ್ದಾಡುತ್ತಾರೋ ಅದೇ ಇಲ್ಲಿ ಅಡುಗೆ ಮಾಡುತ್ತದೆ.

ಕಬ್ಬಿಣದಲ್ಲಿ ಈ ಕರೆಂಟ್ ತಳದ ಮೇಲ್ಪದರದಲ್ಲೇ, ಮಿಲಿಮೀಟರಿನ ಸಣ್ಣ ಭಾಗದಷ್ಟು ತೆಳುವಾದ ಜಾಗದಲ್ಲೇ ಇಕ್ಕಟ್ಟಾಗಿ ಹರಿಯುತ್ತದೆ. ಜಾಗ ಕಡಿಮೆ, ತಡೆ ಜಾಸ್ತಿ, ಬಿಸಿ ಜಾಸ್ತಿ. ಅಲ್ಯೂಮಿನಿಯಂ, ತಾಮ್ರದಲ್ಲಿ ಕರೆಂಟ್ ಆಳದವರೆಗೂ ಹರಡಿಕೊಳ್ಳುತ್ತದೆ, ಆ ಲೋಹಗಳ ತಡೆಯೂ ಕಡಿಮೆ, ಹಾಗಾಗಿ ಬಿಸಿ ಹುಟ್ಟುವುದು ಅಷ್ಟಕ್ಕಷ್ಟೇ. ಒಲೆ ಪಾತ್ರೆಯೇ ಇಲ್ಲ ಅಂದುಕೊಂಡು 'ಬೀಪ್' ಅನ್ನುತ್ತದೆ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ, ತಳಕ್ಕೆ ಗಟ್ಟಿಯಾಗಿ ಅಂಟಿದರೆ ಆಗುತ್ತದೆ. ಚಪ್ಪಟೆ ತಳದ ಬೀಡಿನ ದೋಸೆ ಕಾವಲಿ ಚೆನ್ನಾಗಿ ಆಗುತ್ತದೆ. ಅಜ್ಜಿಯ ಕಾಲದ ತಾಮ್ರದ ಹಂಡೆ ಆಗಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಡಾಕ್ಟರನ್ನು ಕೇಳಿಯೇ ಉಪಯೋಗಿಸಿ.

13. ಅಯಸ್ಕಾಂತ ಇಟ್ಟು ಫ್ರೀ ಕರೆಂಟ್ ಮಾಡುವ ವಿಡಿಯೋ ನಿಜಾನಾ?

ಸುಳ್ಳು. ಸ್ಪೀಕರಿನ ಅಯಸ್ಕಾಂತಕ್ಕೆ ತಂತಿ ಸುತ್ತಿ ಬಲ್ಬ್ ಹೊತ್ತಿಸುತ್ತಾರಲ್ಲ, ಅಲ್ಲಿ ಏನೂ ಅಲುಗುತ್ತಿಲ್ಲ, ಏನೂ ಬದಲಾಗುತ್ತಿಲ್ಲ. ಬ್ಯಾಟರಿ ಎಲ್ಲೋ ಅಡಗಿದೆ. ಚಕ್ರದ ಸುತ್ತ ಅಯಸ್ಕಾಂತ ಜೋಡಿಸಿ ತಾನಾಗಿ ತಿರುಗಿಸುವವರೂ ಇದ್ದಾರೆ. ದಿಣ್ಣೆ ಇಳಿದ ಸೈಕಲ್ಲು ಮುಂದಿನ ದಿಣ್ಣೆ ಹತ್ತಬೇಕಾದಂತೆ, ಹತ್ತಿರ ಬರುವಾಗ ಎಳೆದ ಅಯಸ್ಕಾಂತ ದೂರ ಹೋಗುವಾಗಲೂ ಅಷ್ಟೇ ಹಿಂದಕ್ಕೆ ಎಳೆಯುತ್ತದೆ. ಒಂದು ಸುತ್ತಿನ ಲಾಭ ಸೊನ್ನೆ, ಮೇಲೆ ಬೇರಿಂಗ್‌ನ ಘರ್ಷಣೆ. ಬಲ್ಬ್ ಬೇರೆ ಜೋಡಿಸಿದರೆ ಲೆನ್ಸ್ ನಿಯಮದ ಎಳೆತವೂ ಸೇರಿಕೊಳ್ಳುತ್ತದೆ.

ಕರೆಂಟ್ ಎಷ್ಟು ಅಗ್ಗ ಅಂತ ತಿಳಿಯಲು ಒಂದು ಲೆಕ್ಕ. ಒಬ್ಬರು ಗಂಟೆಗಟ್ಟಲೆ ತುಳಿಯಬಲ್ಲದ್ದು ಸುಮಾರು 100 ವ್ಯಾಟ್. ಒಂದು ಯೂನಿಟ್ ಆಗಲು ಹತ್ತು ಗಂಟೆ ತುಳಿಯಬೇಕು. ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್, ಅಂದರೆ 2000 ಗಂಟೆ. ತಿಂಗಳಿಗೆ ಇರುವುದೇ 720 ಗಂಟೆ.

14. ಉತ್ತರಕ್ಕೆ ತಲೆ ಹಾಕಿ ಮಲಗಿದರೆ ಭೂಮಿಯ ಅಯಸ್ಕಾಂತ ರಕ್ತದ ಕಬ್ಬಿಣವನ್ನು ಎಳೆಯುತ್ತದಂತೆ?

ಎಳೆಯಲ್ಲ. ರಕ್ತದಲ್ಲಿರುವುದು ಹಿಮೋಗ್ಲೋಬಿನ್ ಒಳಗೆ ಬಿಡಿ ಬಿಡಿಯಾಗಿ ಕೂತ ಕಬ್ಬಿಣದ ಪರಮಾಣುಗಳು, ಮೊಳೆಯ ಕಬ್ಬಿಣವಲ್ಲ. ಡೊಮೇನ್ ಕಟ್ಟಿಕೊಳ್ಳಲು ಅವು ಅಕ್ಕಪಕ್ಕದಲ್ಲೇ ಇಲ್ಲ. ಭೂಮಿಯ ಕ್ಷೇತ್ರ ನಮ್ಮಲ್ಲಿ ಸುಮಾರು 40 ಮೈಕ್ರೋಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಮೂವತ್ತೇಳು ಸಾವಿರ ಪಟ್ಟು. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತ ತಲೆಗೆ ಏರಲ್ಲ. ಮನೆಯ ಹಿರಿಯರು ಉತ್ತರಕ್ಕೆ ತಲೆ ಹಾಕಬೇಡ ಅಂದರೆ ಅವರ ಮಾತಿಗೆ ಬೆಲೆ ಕೊಟ್ಟು ತಿರುಗಿ ಮಲಗಿ, ಅದಕ್ಕೆ ವಿಜ್ಞಾನದ ಬಣ್ಣ ಮಾತ್ರ ಬೇಡ. ಮ್ಯಾಗ್ನೆಟ್ ಹಾಸಿಗೆ ಮಾರುವವರಿಗೂ ಇದೇ ಉತ್ತರ.

15. ಭೂಮಿಯೊಳಗೆ ದೊಡ್ಡ ಅಯಸ್ಕಾಂತ ಇದೆಯಾ? ಫೋನಿನ ದಿಕ್ಸೂಚಿ ವಾಸ್ತು ನೋಡಲು ನಂಬಬಹುದಾ?

ಒಳಗೆ ಕಡ್ಡಿ ಅಯಸ್ಕಾಂತ ಇಲ್ಲ, ಅಲ್ಲಿನ ಬಿಸಿಗೆ ಇರಲು ಸಾಧ್ಯವೂ ಇಲ್ಲ. ಸುಮಾರು 2900 ಕಿಲೋಮೀಟರ್ ಆಳದಿಂದ ಶುರುವಾಗುವ ಕರಗಿದ ಕಬ್ಬಿಣ ಹರಿದಾಡುತ್ತಾ ಕರೆಂಟ್ ಹುಟ್ಟಿಸಿಕೊಳ್ಳುತ್ತದೆ, ಆ ಕರೆಂಟಿನಿಂದ ಕ್ಷೇತ್ರ. ಅದೂ ಒಂದು ಡೈನಮೋ. ಕೊನೆಯ ಬಾರಿ ಧ್ರುವಗಳು ಅದಲುಬದಲಾಗಿದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ.

ಕರ್ನಾಟಕದಲ್ಲಿ ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ. ತೊಂದರೆ ಅದಲ್ಲ. ಆರ್‌ಸಿಸಿ ಪಿಲ್ಲರಿನ ಕಬ್ಬಿಣ, ಬೀರು, ಫ್ರಿಜ್, ಫೋನ್ ಕವರಿನ ಮ್ಯಾಗ್ನೆಟ್ ಬಟನ್, ಇವೆಲ್ಲ ಫೋನಿನ ದಿಕ್ಸೂಚಿಯನ್ನು ಇಪ್ಪತ್ತು ಮೂವತ್ತು ಡಿಗ್ರಿ ತಿರುಗಿಸಿಬಿಡಬಲ್ಲವು. ಅದೇ ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿ, ಉತ್ತರವೂ ನಡೆದಿರುತ್ತದೆ. ಅದನ್ನು ನಂಬಿ ಬಾಗಿಲು ಒಡೆಸುವ ಮೊದಲು ಕವರ್ ತೆಗೆದು, ಬಯಲಿಗೆ ಬಂದು, ಇನ್ನೊಮ್ಮೆ ನೋಡಿ.

16. ಪರೀಕ್ಷೆಯಲ್ಲಿ ಎಡಗೈಯೋ ಬಲಗೈಯೋ ಅಂತ ಯಾವಾಗಲೂ ಗೊಂದಲ.

ಫ್ಲೆಮಿಂಗ್‌ನ ಎಡಗೈ ನಿಯಮ ಮೋಟಾರಿಗೆ, ಬಲಗೈ ನಿಯಮ ಜನರೇಟರಿಗೆ. ತಂತಿಯ ಸುತ್ತಲಿನ ಕ್ಷೇತ್ರಕ್ಕೆ ಬಲಗೈ ಹೆಬ್ಬೆರಳು. ಪೆನ್ನು ಬಲಗೈಯಲ್ಲೇ ಹಿಡಿದುಕೊಂಡು ಅದೇ ಕೈಯ ಬೆರಳು ಬಿಡಿಸಲಾಗದೆ ಎಡಗೈ ಉಪಯೋಗಿಸಿ ಮಾರ್ಕ್ಸ್ ಕಳೆದುಕೊಳ್ಳುವವರು ಬೇಕಾದಷ್ಟು ಜನ. ಮೊದಲು ಪೆನ್ನು ಕೆಳಗಿಡಿ. ಪ್ರೇರಿತ ಕರೆಂಟಿನ ದಿಕ್ಕು ಕೇಳಿದರೆ ಬೆರಳು ಬಿಟ್ಟು ಲೆನ್ಸ್ ನಿಯಮದಿಂದ ಯೋಚಿಸುವುದೇ ಸಲೀಸು: ಉತ್ತರ ಧ್ರುವ ಹತ್ತಿರ ಬರುತ್ತಿದೆಯೇ, ಕಾಯಿಲಿನ ಆ ಮುಖ ಉತ್ತರ ಧ್ರುವವಾಗಿ ತಳ್ಳುತ್ತದೆ. ದೂರ ಹೋಗುತ್ತಿದೆಯೇ, ದಕ್ಷಿಣವಾಗಿ ಎಳೆಯುತ್ತದೆ.

17. ಎಂಸಿಬಿ ಇದೆಯಲ್ಲ, ಮತ್ತೆ ಆರ್‌ಸಿಸಿಬಿ ಯಾಕೆ?

ಎರಡೂ ಅಪಾಯ ಬಂದಾಗ ತಾವಾಗಿ ಬಿದ್ದು ಕರೆಂಟ್ ನಿಲ್ಲಿಸುವ ಸ್ವಿಚ್ಚುಗಳು. ಎಂಸಿಬಿ ವೈರನ್ನು ಕಾಯುತ್ತದೆ, ಆರ್‌ಸಿಸಿಬಿ ನಿಮ್ಮನ್ನು. ಐದನೇ ಪ್ರಶ್ನೆಯಲ್ಲಿ ಫೇಸ್, ನ್ಯೂಟ್ರಲ್ ಎರಡರ ಕ್ಷೇತ್ರವೂ ಒಂದನ್ನೊಂದು ಅಳಿಸುತ್ತದೆ ಅಂದಿದ್ದೆ. ಆರ್‌ಸಿಸಿಬಿ ಒಳಗೆ ಆ ಎರಡೂ ಒಂದು ಕಬ್ಬಿಣದ ಬಳೆಯ ಮೂಲಕ ಹಾಯುತ್ತವೆ. ಹೋದಷ್ಟೇ ಕರೆಂಟ್ ವಾಪಸ್ ಬಂದರೆ ಬಳೆಯಲ್ಲಿ ಕ್ಷೇತ್ರ ಸೊನ್ನೆ. ಗೀಸರಿನ ಮೈಯಿಂದಲೋ ಹಳೆಯ ಮಿಕ್ಸಿಯಿಂದಲೋ ನಿಮ್ಮ ಕೈ ಮೂಲಕ ನೆಲಕ್ಕೆ ಸ್ವಲ್ಪ ಸೋರಿದರೆ ಲೆಕ್ಕ ತಪ್ಪುತ್ತದೆ, ಬಳೆಯಲ್ಲಿ ಏರಿಳಿಯುವ ಕ್ಷೇತ್ರ ಹುಟ್ಟುತ್ತದೆ, ಅದಕ್ಕೆ ಸುತ್ತಿದ ಸಣ್ಣ ಕಾಯಿಲಿನಲ್ಲಿ ವೋಲ್ಟೇಜ್ ಬಂದು ಸ್ವಿಚ್ ಬೀಳುತ್ತದೆ. ಮನೆಗೆ ಹಾಕುವುದು 30 ಮಿಲಿಆಂಪಿಯರಿನದು. 16 ಆಂಪಿಯರಿನ ಎಂಸಿಬಿ ಇಷ್ಟು ಸಣ್ಣ ಸೋರಿಕೆಗೆ ಕಣ್ಣೆತ್ತಿಯೂ ನೋಡಲ್ಲ, ಮನುಷ್ಯರಿಗೆ ಮಾತ್ರ ಅದಕ್ಕಿಂತ ಸ್ವಲ್ಪ ಜಾಸ್ತಿಯಾದರೂ ಪ್ರಾಣಕ್ಕೆ ಕುತ್ತು.

ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ಒಣ ಮರದ ಸ್ಟೂಲ್ ಮೇಲೆ ನಿಂತಿದ್ದರೆ ಮಾತ್ರ ಇದು ಕಾಪಾಡಲ್ಲ. ಹೋದದ್ದೆಲ್ಲ ವಾಪಸ್ ಬರುತ್ತಿದೆ, ಅದರ ಲೆಕ್ಕದಲ್ಲಿ ನೀವೂ ಒಂದು ಬಲ್ಬ್. ಆರ್‌ಸಿಸಿಬಿಯ ಮುಂಭಾಗದಲ್ಲಿ 'ಟಿ' ಅಂತ ಬರೆದ ಬಟನ್ ಇದೆ, ಆಗಾಗ ಒತ್ತಿ. ಬೀಳದಿದ್ದರೆ ಅವತ್ತೇ ಬದಲಾಯಿಸಿ. ಬಿದ್ದರೆ ಆರ್‌ಸಿಸಿಬಿ ಸರಿಯಿದೆ ಅಂತಷ್ಟೇ, ಮನೆಯ ಅರ್ಥಿಂಗ್ ಸರಿಯಿದೆ ಅಂತಲ್ಲ. ಅದನ್ನು ಎಲೆಕ್ಟ್ರಿಷಿಯನ್ ಮೀಟರ್ ಹಿಡಿದೇ ನೋಡಬೇಕು.